ಗುಡ್ಡದ ಮದುವಿಗೆ ಬರೋ ಮಂದಿಗೆ

ನಮ್ಮಣ್ಣನ ಮಗಳ ಲಗ್ನಪತ್ರಿಕೆ ಫೋನಿನಲ್ಲಿ ಬಂತು. ಯಾದಗಿರಿಯ ನಮ್ಮ ಶಾಲೆಯಲ್ಲಿ ಪಾಠ ಮುಗಿಸಿ ಬಂದು ಕೂತಿದ್ದೆ. ತೆರೆದರೆ ಮೊದಲು ಒಂದು ಗುಡ್ಡ, ಅದರ ಹಿಂದೆ ಮುಳುಗುವ ಸೂರ್ಯ, ತುದಿಯಲ್ಲಿ ಒಬ್ಬ ಹುಡುಗ ಮತ್ತು ಹುಡುಗಿಯ ಕಪ್ಪು ನೆರಳು. ಕೆಳಗೆ ಇಂಗ್ಲಿಷಿನಲ್ಲಿ ಇಬ್ಬರ ಹೆಸರು. ಮನೆದೇವರ ಹೆಸರಿಲ್ಲ, ಹಿರಿಯರ ಹೆಸರಿಲ್ಲ, ಆ ಹುಡುಗಿಯನ್ನು ಹೆಗಲ ಮೇಲೆ ಹೊತ್ತು ತಿರುಗಿದ ನಮ್ಮಪ್ಪನ ಹೆಸರೂ ಇಲ್ಲ. ಇರಲಿ, ಈಗಿನ ಪದ್ಧತಿ ಅಂದುಕೊಂಡು ಬೆರಳಿನಿಂದ ಮೇಲೆ ತಳ್ಳಿದೆ. ಅತಿಥಿಗಳಿಗೆ ಸೂಚನೆ ಅಂತ ಒಂದು ಪುಟವಿತ್ತು. ಸಿಟ್ಟು ಶುರುವಾಗಿದ್ದು ಅಲ್ಲಿಂದ.

ತಿಳಿ ಬಣ್ಣದ ಬಟ್ಟೆಯನ್ನೇ ಹಾಕಿಕೊಂಡು ಬರಬೇಕಂತೆ. ಮಧ್ಯಾಹ್ನ ಮೂರಕ್ಕೆಲ್ಲ ಗುಡ್ಡದ ಮೇಲೆ ಇರಬೇಕಂತೆ, ಸೂರ್ಯ ಮುಳುಗುವ ಹೊತ್ತಿನ ಬಂಗಾರದ ಬೆಳಕಿನಲ್ಲಿ ತಾಳಿ ಕಟ್ಟುವುದಂತೆ. ಹತ್ತುವ ಮುಂಚೆ ಫೋನು ಕೆಳಗೆ ಒಪ್ಪಿಸಬೇಕು. ಉಡುಗೊರೆ, ಆಯೇರಿ ತರಬಾರದು. ಹುಲ್ಲುಹಾಸು ಕೆಡುವುದರಿಂದ ಅಕ್ಕಿಕಾಳು ಹಾಕುವಂತಿಲ್ಲ, ಬದಲಿಗೆ ಹೂವಿನ ಪಕಳೆ ಕೊಡಲಾಗುವುದು.

ಅಕ್ಕಿಕಾಳು ಹಾಕದ ಮದುವೆ ಯಾವುದು? ನಮ್ಮ ಕಡೆ ಮದುವೆಗೆ ಹೋಗಿ ಬಂದೆ ಅನ್ನುವುದನ್ನೇ ಅಕ್ಕಿಕಾಳಿಗೆ ಹೋಗಿ ಬಂದೆ ಅನ್ನುತ್ತೇವೆ. ಅದೂ ಹೋಗಲಿ. ಶಿವರಾತ್ರಿ ಕಳೆದ ಮೇಲೆ ಸುರಪುರದ ಕಡೆಯ ಗುಡ್ಡಗಳ ಮೇಲೆ ಮಧ್ಯಾಹ್ನ ಮೂರಕ್ಕೆ ನಿಲ್ಲುವುದು ಅಂದರೆ ಏನು ಅಂತ ಇದನ್ನು ಬರೆದವರಿಗೆ ಗೊತ್ತಿತ್ತೇ? ನಮ್ಮವು ಗಿಡಮರದ ಗುಡ್ಡಗಳಲ್ಲ. ಬಂಡೆಯ ಮೇಲೆ ಬಂಡೆ ಕೂತ ಗುಡ್ಡಗಳು. ಬೆಳಗಿನಿಂದ ಕುಡಿದ ಬಿಸಿಲನ್ನು ಅವು ಸಂಜೆಯವರೆಗೂ ಕಾರುತ್ತವೆ.

ಸಂಜೆಗೆ ಶಹಾಪುರದಿಂದ ಅಣ್ಣನೇ ಫೋನು ಮಾಡಿದ. ಅವನದು ಅಲ್ಲಿ ಬಟ್ಟೆ ಅಂಗಡಿ, ಅಪ್ಪನ ಕಾಲದ್ದು. ಅವ್ವ ಅವನ ಜೊತೆಗೇ ಇದ್ದಾಳೆ.

"ತಂಗೆವ್ವಾ, ಪತ್ರಿಕಿ ನೋಡಿದೇನು? ಅದರಾಗಿನ ಸೂಚನಾ ಜರಾ ಕನ್ನಡದಾಗ ಮಾಡಿ ನಮ್ಮ ಮಂದಿಗಿ ಹೇಳಿಬಿಡು. ನೀ ಸಾಲಿ ಕಲಸಾಕಿ, ನಿನಗ ಬರೋಬ್ಬರಿ ಬರ್ತದ."

"ಅವ್ವ ಹ್ಯಾಂಗ ಹತ್ತತಾಳಣ್ಣ?" ಅಂದೆ. ಅವ್ವನ ಎರಡೂ ಮೊಣಕಾಲು ಸವೆದು ಹೋಗಿವೆ. ಮನೆಯ ಹೊಸ್ತಿಲು ದಾಟುವುದಕ್ಕೂ ಅವಳಿಗೆ ಬಾಗಿಲ ಚೌಕಟ್ಟು ಬೇಕು.

"ಬ್ಯಾಟ್ರಿ ಗಾಡಿ ಇಟ್ಟಾರ. ಎಲ್ಲಾ ಇವೆಂಟಿನವರು ನೋಡ್ಕೋತಾರ. ಬೀಗರ ಆಸೆ ಅದ, ನಾ ಏನು ಬ್ಯಾಡ ಅನ್ನಲಿ?"

ಬೀಗರು ರಾಯಚೂರಿನವರು. ಹುಡುಗ ಮತ್ತು ನಮ್ಮ ಹುಡುಗಿ ಇಬ್ಬರೂ ಅಲ್ಲೇ ಒಂದು ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಾರೆ, ಅಲ್ಲೇ ಒಬ್ಬರಿಗೊಬ್ಬರು ಒಪ್ಪಿದ್ದು. ಒಳ್ಳೆಯ ಹುಡುಗ. ಅವನ ಬಗ್ಗೆ ನನಗೆ ಆಗಲೂ ತಕರಾರು ಇರಲಿಲ್ಲ, ಈಗಲೂ ಇಲ್ಲ.

ಇಂಗ್ಲಿಷಿನಲ್ಲಿದ್ದದ್ದನ್ನು ಹಾಗೇ ಕನ್ನಡಕ್ಕೆ ಇಳಿಸಿ ಮಂದಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಒಂದು ರವಿವಾರ ಗಂಡನನ್ನು ಕರೆದುಕೊಂಡು ಗುಡ್ಡ ನೋಡಲು ಹೋದೆ. ಶಹಾಪುರ ದಾಟಿ ಸುರಪುರದ ದಾರಿಯಲ್ಲಿ ಹೋಗಿ, ಹೊಲದ ನಡುವಿನ ಮಣ್ಣಿನ ರಸ್ತೆಗೆ ತಿರುಗಿಕೊಳ್ಳಬೇಕು. ಯಾರೋ ಹೊಸದಾಗಿ ಆ ಗುಡ್ಡದ ತಲೆ ಸಪಾಟು ಮಾಡಿಸಿ, ಹುಲ್ಲು ಹಚ್ಚಿ, ಮದುವೆಗೆ ಬಾಡಿಗೆ ಕೊಡುತ್ತಿದ್ದರು. ಒಂದು ಬದಿಗೆ ಗಾಡಿ ಹತ್ತುವ ಕಚ್ಚಾ ದಾರಿ, ಇನ್ನೊಂದು ಬದಿಗೆ ನಡೆಯುವವರಿಗೆ ಕಲ್ಲು ಕಡಿದು ಮಾಡಿದ ಮೆಟ್ಟಿಲು. ಒಂದು ಮೆಟ್ಟಿಲು ಗೇಣುದ್ದ ಇದ್ದರೆ ಮುಂದಿನದು ಮೊಳದುದ್ದ. ಹಿಡಿದುಕೊಳ್ಳಲು ಏನೂ ಇಲ್ಲ.

ಮೇಲೆ ಹೈದರಾಬಾದಿನಿಂದ ಬಂದ ಇವೆಂಟಿನ ಹುಡುಗ ಕೈಯಲ್ಲಿ ಟೇಪು ಹಿಡಿದು ಓಡಾಡುತ್ತಿದ್ದ. ಮಾತು ಅರ್ಧ ಹಿಂದಿ, ಅರ್ಧ ಕನ್ನಡ. ಪೆಂಡಾಲು ಎಲ್ಲಿ ಹಾಕುತ್ತೀರಿ ಅಂದೆ.

"ಪೆಂಡಾಲ್ ಇಲ್ಲ ಮೇಡಂ. ಓಪನ್ ಸ್ಕೈ. ಪೆಂಡಾಲ್ ಹಾಕಿದ್ರೆ ಡ್ರೋನ್‌ನಲ್ಲಿ ಏನೂ ಕಾಣಲ್ಲ."

"ಮತ್ತ ಬಿಸಿಲು?"

"ಛತ್ರಿ ಕೊಡ್ತೀವಿ. ಲೇಸ್ ಛತ್ರಿ."

ಶೌಚಕ್ಕೆ ಎಲ್ಲಿ ಹೋಗಬೇಕು ಅಂದೆ. ಕೆಳಗೆ ಇದೆ ಅಂದ. ವಯಸ್ಸಾದವರು ಅದಕ್ಕಾಗಿ ಮತ್ತೆ ಕೆಳಗಿಳಿಯಬೇಕೇ ಅಂದೆ. ಗಾಡಿ ಇರುತ್ತದೆ ಅಂದ. ಎಲ್ಲದಕ್ಕೂ ಅವನ ಬಳಿ ಗಾಡಿ ಇತ್ತು. ನಾವು ನಿಂತಿದ್ದಾಗಲೇ ಪಡುವಣದಿಂದ ಗಾಳಿ ಎದ್ದಿತು. ಅವನ ಕೈಯ ಹಾಳೆಗಳು ಹಾರಿಹೋಗಿ ಬಂಡೆಯ ಸಂದಿಗೆ ಬಿದ್ದವು. ನನ್ನ ಗಂಡ ಎತ್ತಿಕೊಟ್ಟರು. ಮಾತು ಕಡಿಮೆಯ ಮನುಷ್ಯ. ಕೆಳಗಿಳಿಯುವಾಗ, "ಮದುವಿ ಯಾರಿಗಿ ಮಾಡಾಕತ್ತಾರ, ಮಂದಿಗೋ ಕ್ಯಾಮೆರಾಕ್ಕೋ?" ಅಂತಷ್ಟೇ ಅಂದರು.

ಮನೆಗೆ ಬಂದು, ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ದನಿಯಲ್ಲೇ ಹೇಳಿ ಕಳಿಸಿದೆ. ನಮ್ಮ ಹಿರಿಯರಲ್ಲಿ ಓದುವವರಿಗಿಂತ ಕೇಳುವವರೇ ಹೆಚ್ಚು. ಹೇಳಿದ್ದು ಇಷ್ಟು:

"ಎಲ್ಲಾರಿಗೂ ಶರಣ್ರಿ. ಶಹಾಪುರದ ಮನಿ ಮಗಳು ಮಾತಾಡಾಕತ್ತೇನಿ. ನಮ್ಮ ಹುಡುಗಿ ಮದುವಿ ಈ ಸಲ ಮಂಟಪದಾಗ ಅಲ್ರಿ, ಗುಡ್ಡದ ಮ್ಯಾಲ, ಬಯಲಾಗ. ಜರಾ ಕೇಳಿಸ್ಕೊಳ್ರಿ. ಮನ್ಯಾಗ ಉಂಡು ಬರ್ರಿ, ಅಲ್ಲಿ ಊಟ ಹೊತ್ತು ಮುಳುಗಿದ ಮ್ಯಾಲ ಅದ. ಸಕ್ಕರಿ ಬ್ಯಾನಿ ಇದ್ದವರು ಗುಳಿಗಿ ಜೋಡಿ ತಿನ್ನಾಕ ಏನರ ಕಟ್ಕೊಂಡು ಬರ್ರಿ. ಗಂಡಸರು ತಲಿಗಿ ರುಮಾಲು ಸುತ್ಕೋರಿ. ತಿಳಿ ಬಣ್ಣ ಅಂದಾರ, ಬಿಳಿ ರುಮಾಲು ನಡೀತದ. ಹೆಣ್ಮಕ್ಕಳು ಜರಿ ಸೀರಿ ಬ್ಯಾಡ, ನೂಲಿನ ಸೀರಿ ಉಡ್ರಿ, ಸೆರಗು ಸೊಂಟಕ್ಕ ಸಿಗಸ್ರಿ, ಸಂಜೀಕ ಗಾಳಿ ಭಾಳ ಜಗ್ಗತದ. ಹಿಂದ ಪಟ್ಟಿ ಇರೋ ಚಪ್ಪಲಿ ಹಾಕ್ಕೋರಿ, ಹವಾಯಿ ಚಪ್ಪಲಿ ಬಂಡಿಗಲ್ಲ ಮ್ಯಾಲ ಜಾರತಾವ. ಒಂದಕ್ಕ ಎರಡಕ್ಕ ಕೆಳಗೇ ಮುಗಿಸ್ಕೊಂಡು ಹತ್ತ್ರಿ. ನೀರಿನ ಬಾಟ್ಲಿ ನಿಮ್ಮದು ನಿಮ್ಮ ಕೈಯಾಗ ಇರ್ಲಿ. ಮೊಣಕಾಲು ನೋವು ಇದ್ದವರು ಮೆಟ್ಟಿಲು ಹತ್ತಬ್ಯಾಡ್ರಿ, ಗಾಡಿ ಬರ್ತದ, ಬರೋತನ ಕೆಳಗ ಕೂಡ್ರಿ. ಇಳಿಯೋ ಹೊತ್ತಿಗಿ ಕತ್ತಲಾಗಿರ್ತದ, ಕೈಬ್ಯಾಟ್ರಿ ತರ್ರಿ. ಫೋನು ಅವರು ಇಸ್ಕೋತಾರ, ಅದರ ಬೆಳಕು ನಂಬಬ್ಯಾಡ್ರಿ."

ಆ ದನಿ ಎಲ್ಲೆಲ್ಲಿಗೆ ಹೋಯಿತೋ. ಭೀಮರಾಯನಗುಡಿಯಲ್ಲಿರುವ ಚಿಕ್ಕಪ್ಪನ ಸೊಸೆ ಫೋನು ಮಾಡಿ, ಮದುವೆಗೆ ಕರೆಯದವರಿಗೂ ಮುಟ್ಟಿದೆ ಅಂತ ನಕ್ಕಳು. ಅಣ್ಣ ನಗಲಿಲ್ಲ.

"ನಿನ್ನ ಮಾತು ಬೀಗರ ಕಿವಿಗೂ ಬಿದ್ದದ. ನಾವು ನೀರು ಕೊಡೋದಿಲ್ಲ, ನೆರಳು ಕೊಡೋದಿಲ್ಲ ಅಂದಂಗ ಆತು. ನನ್ನ ಮರ್ಯಾದಿ ಏನುಳೀತು?"

"ನೀರು, ನೆರಳು ಅದಾವೇನಣ್ಣ?" ಅಂದೆ.

ಅವನು ಫೋನು ಇಟ್ಟುಬಿಟ್ಟ. ಆಮೇಲೆ ಅಣ್ಣನ ಹೆಂಡತಿ, ನಮ್ಮ ವೈನಿ, ಫೋನು ಮಾಡಿದಳು. ವೈನಿ ಒಳ್ಳೆಯವಳು, ಎಲ್ಲರ ನಡುವೆ ಸಿಕ್ಕಿಕೊಂಡವಳು. "ಸಿಟ್ಟಾಗಬ್ಯಾಡ್ರಿ, ಇವರಿಗಿ ಭಾಳ ತಲಿಬಿಸಿ ಅದ. ಅತ್ತೀರನ್ನ ನೀವೇ ನೋಡ್ಕೋರಿ ಅವತ್ತು," ಅಂದಳು. ಆಯಿತು ಅಂದೆ.

ಮದುವೆಯ ದಿನ ಅವ್ವನ ಜೊತೆ ಪಕ್ಕದ ಮನೆಯ ಖಾಲಾ ಕೂಡ ನಮ್ಮ ಕಾರಿನಲ್ಲಿ ಬಂದರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮದುಮಗಳು ಹುಟ್ಟಿದಾಗ ವೈನಿ ಜ್ವರ ಬಂದು ಮಲಗಿದ್ದಳು. ಆಗ ಕೂಸಿಗೆ ಎಣ್ಣೆ ಹಚ್ಚಿ ಎರೆದವರು ಈ ಖಾಲಾ. ತಮ್ಮ ಮನೆಯಲ್ಲಿ ದಖನಿ ಮಾತಾಡುವ ಅವರು ಅವ್ವನ ಜೊತೆ ನಮ್ಮಷ್ಟೇ ಸಲೀಸಾಗಿ ಕನ್ನಡ ಆಡುತ್ತಾರೆ, ಜಗಳವನ್ನೂ ಕನ್ನಡದಲ್ಲೇ ಮಾಡುತ್ತಾರೆ. ತಿಳಿ ಬಣ್ಣ ಅಂದಿದ್ದಾರಂತೆ ಅಂತ ಹಬ್ಬಕ್ಕೆ ತೆಗೆದಿಟ್ಟಿದ್ದ ಬಾದಾಮಿ ಬಣ್ಣದ ಸೀರೆ ಉಟ್ಟಿದ್ದರು. ಅವ್ವ ಬಿಳಿ ಇಳಕಲ್ ಸೀರೆ ಉಟ್ಟಿದ್ದಳು. ಇಬ್ಬರೂ ಸೂಚನೆಯನ್ನು ನನಗಿಂತ ಚೆನ್ನಾಗಿ ಪಾಲಿಸಿದ್ದರು.

ಗುಡ್ಡದ ಬುಡದಲ್ಲಿ ಒಂದು ಸಣ್ಣ ಶಾಮಿಯಾನ, ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು. ಬಂದವರ ಫೋನು ಇಸಿದುಕೊಂಡು ಬಟ್ಟೆಯ ಚೀಲಕ್ಕೆ ಹಾಕಿ ಬಿಲ್ಲೆ ಕೊಡುತ್ತಿದ್ದರು. ನಡೆಯಬಲ್ಲವರು ಮೆಟ್ಟಿಲು ಹಿಡಿದರು. ನನ್ನ ಗಂಡನೂ ಹೋದರು, ಫೋನು ಒಪ್ಪಿಸಿ. ನಾನು ಅವ್ವನ ಜೊತೆ ಗಾಡಿಗೆ ಬರುತ್ತೇನೆ ಅಂದೆ, ಹಾಗಾಗಿ ನನ್ನ ಫೋನು ನನ್ನಲ್ಲೇ ಉಳಿಯಿತು.

ಗಾಡಿ ಎರಡಿದ್ದವು. ಮೊದಲ ಸರತಿಗೆ ಬೀಗರ ಕಡೆಯ ಮುಖ್ಯಸ್ಥರು ಹೋದರು. ಸರಿ, ಅದು ಮರ್ಯಾದೆ. ಎರಡನೆಯ ಸರತಿಗೆ ಹೂವಿನ ಬುಟ್ಟಿಗಳು ಹೋದವು. ಆಮೇಲೆ ದೀಪದ ಕಂಬಗಳು ಹೋದವು. ಆಮೇಲೆ ಕ್ಯಾಮೆರಾದವರ ಪೆಟ್ಟಿಗೆಗಳು, ಮತ್ತೊಂದಿಷ್ಟು ಹೂವು. ಗಾಡಿ ಬಂದಾಗಲೆಲ್ಲ ನಾನು ಎದ್ದು ಅವ್ವನ ತೋಳಿಗೆ ಕೈ ಹಾಕುವುದು, ವಾಕಿಟಾಕಿ ಹಿಡಿದ ಮನುಷ್ಯ "ನೆಕ್ಸ್ಟ್ ಟ್ರಿಪ್ ಮೇಡಂ" ಅನ್ನುವುದು. ಮೆಟ್ಟಿಲು ಹತ್ತಲಾರದವರು ಒಬ್ಬೊಬ್ಬರಾಗಿ ಶಾಮಿಯಾನದಲ್ಲಿ ಸೇರುತ್ತಾ ಹೋದರು. ಎಲ್ಲರೂ ನನ್ನ ದನಿ ಕೇಳಿ ಬಂದವರು. ಗಾಡಿ ಬರ್ತದ ಕೂಡ್ರಿ ಅಂತ ಹೇಳಿದವಳು ನಾನು. ಅವರು ನನ್ನ ಮಾತಿನ ಮೇಲೆ ಕೂತಿದ್ದರು, ನಾನು ಯಾರ ಮಾತಿನ ಮೇಲೆ ನಿಂತಿದ್ದೆ ಅಂತ ನನಗೇ ತಿಳಿಯದಾಯಿತು.

ಹೊತ್ತು ವಾಲಿದಂತೆ ಶಾಮಿಯಾನದ ನೆರಳು ಕುರ್ಚಿಗಳನ್ನು ಬಿಟ್ಟು ಅತ್ತ ಸರಿಯಿತು. ನಾವೂ ಕುರ್ಚಿಗಳನ್ನು ಅದರ ಹಿಂದೆ ಹಿಂದೆ ಎಳೆದುಕೊಂಡು ಹೋದೆವು. ಅಷ್ಟರಲ್ಲಿ ರಾಯಚೂರಿನ ಒಂದು ಕಾರು ಬಂದು ನಿಂತಿತು. ಬೆನ್ನು ಬಾಗಿದ, ಕೋಲು ಹಿಡಿದ ಒಬ್ಬ ಮುದುಕಿಯನ್ನು ಇಳಿಸಿ, ಡ್ರೈವರ್ ಕುರ್ಚಿಯ ಮೇಲೆ ಕೂಡಿಸಿ, ಕಾರು ನೆರಳಿಗೆ ನಿಲ್ಲಿಸಿ ಬರುತ್ತೇನೆಂದು ಹೋದ. ಅವ್ವ ಅವರನ್ನು ಮಾತಾಡಿಸಿದಳು.

"ಯಾರ ಪೈಕಿರಿ?"

"ಮದುಮಗನ ಆಯಿ ನಾ," ಅಂದರು ಆ ಅಜ್ಜಿ. "ದಾರ್ಯಾಗ ವಾಂತಿ ಆತು, ಅದಕ್ಕ ಹಿಂದುಳದೆ. ಮ್ಯಾಲ ಕರಕೊಂಡು ಹೋಗ್ತಾರಂತ."

ಮದುಮಗಳ ಆಯಿ ಮತ್ತು ಮದುಮಗನ ಆಯಿ, ಎರಡೂ ಕಡೆಯ ಅಜ್ಜಿಯರು, ಒಬ್ಬರನ್ನೊಬ್ಬರು ಮೊದಲ ಸಲ ನೋಡಿದ್ದು ಹೀಗೆ, ಪಾರ್ಕಿಂಗಿನ ಧೂಳಿನಲ್ಲಿ. ಖಾಲಾ ತಮ್ಮ ಬಾಟಲಿಯ ನೀರು ಕೊಟ್ಟು, ಬೆನ್ನು ಸವರಿದರು. ನಾನು ವಾಕಿಟಾಕಿಯವನ ಬಳಿ ಹೋದೆ.

"ಅವರು ಮದುಮಗನ ಆಯಿ. ಇವರು ಮದುಮಗಳ ಆಯಿ. ಮುಂದಿನ ಗಾಡಿಯಾಗ ಇವರನ್ನ ಕಳಸ್ರಿ."

"ಮೇಲಿಂದ ಹೇಳ್ಬೇಕು ಮೇಡಂ. ಈಗ ಗಾಡಿ ಶೂಟಿಂಗ್‌ಗೆ ಬೇಕಂತೆ. ಮದುಮಗಳ ಎಂಟ್ರಿ ಇದೆ."

ಅಣ್ಣನಿಗೆ ಫೋನು ಮಾಡಿದೆ. ವೈನಿಗೆ ಮಾಡಿದೆ. ಗಂಡನಿಗೆ ಮಾಡಿದೆ. ನನ್ನ ಪಕ್ಕದಲ್ಲೇ, ಮೇಜಿನ ಮೇಲಿದ್ದ ಬಟ್ಟೆಯ ಚೀಲಗಳಲ್ಲಿ ಅವರ ಫೋನುಗಳು ಬಡಿದುಕೊಂಡವು. ಆ ಸದ್ದು ಕೇಳಿದಾಗ ನನಗೆ ಬಂದ ಸಿಟ್ಟನ್ನು ಈಗ ಬರೆಯುವಾಗಲೂ ತಡೆಯುವುದು ಕಷ್ಟ. ಒಂದು ಗುಡ್ಡದ ಮೇಲೆ ಊರ ಮಂದಿಯನ್ನು ಕೂಡಿಸಿ, ಅವರನ್ನು ಮುಟ್ಟುವ ದಾರಿಯನ್ನೆಲ್ಲ ಕೆಳಗೆ ಕಟ್ಟಿಹಾಕಿದ್ದರು. ಯಾರಿಗಾದರೂ ಎದೆನೋವು ಬಂದಿದ್ದರೆ? ಅದಕ್ಕೆ ಸೂಚನೆಯಲ್ಲಿ ಒಂದು ಸಾಲು ಇರಲಿಲ್ಲ. ಬಟ್ಟೆಯ ಬಣ್ಣಕ್ಕೆ ಇತ್ತು.

ಆಗ ಮೇಲಿನಿಂದ ಸನಾದಿಯ ದನಿ ಕೇಳಿಸಿತು, ಸ್ಪೀಕರಿನಲ್ಲಿ ಹಾಕಿದ್ದು. ಅವ್ವ ಕತ್ತೆತ್ತಿ ಗುಡ್ಡದ ಕಡೆ ನೋಡಿದಳು.

"ಮುಗೀತೇನವಾ?" ಅಂದಳು. ತಕರಾರಿನ ದನಿಯಲ್ಲ. ಬಸ್ಸು ಹೋಯಿತೇನು ಅಂತ ಕೇಳುವಂತೆ ಕೇಳಿದಳು.

"ಜಾನೆ ದೇ ಮಾ," ಅಂತ ಖಾಲಾ ನನ್ನ ಕೈ ಹಿಡಿದುಕೊಂಡರು, ಹೋಗಲಿ ಬಿಡು ಅಂತ. ನನ್ನ ಮುಖ ಹೇಗಾಗಿತ್ತೋ ಅವರಿಗೇ ಗೊತ್ತು. "ನಾವು ಇಲ್ಲಿಂದನೇ ದುವಾ ಮಾಡ್ತೀವಿ. ನೀ ಹೋಗು, ನಿಮ್ಮಣ್ಣನ ಮಗಳ ಮದುವಿ ನೋಡು."

ನಾನು ಹೋದೆ, ನೋಡುವುದಕ್ಕಲ್ಲ. ಸೆರಗು ಸೊಂಟಕ್ಕೆ ಸಿಗಿಸಿ ಮೆಟ್ಟಿಲು ಹತ್ತಿದೆ. ನನ್ನ ವಯಸ್ಸಿಗೆ ಅದೂ ಸಣ್ಣ ಕೆಲಸವಲ್ಲ. ನಡುವೆ ಎರಡು ಕಡೆ ಬಂಡೆಗೆ ಕೈ ಊರಿ ನಿಂತೆ, ಅಂಗೈ ಸುಟ್ಟಿತು.

ಮೇಲೆ ಬಿಳಿ ಕುರ್ಚಿಗಳ ಸಾಲು. ಮುಂದಿನ ಸಾಲುಗಳಲ್ಲಿ ಬೀಗರು, ಅವರ ಕಂಪನಿಯವರು. ನಮ್ಮ ಮಂದಿ ಬಹಳಷ್ಟು ಜನ ಹುಲ್ಲುಹಾಸಿನ ಅಂಚಿಗೆ, ಬಂಡೆಯ ಮೇಲೆ ರುಮಾಲು ಹಾಸಿ ಕೂತಿದ್ದರು. ಮುಖಗಳು ಕೆಂಪಗೆ ಬೆಂದಿದ್ದವು. ಲೇಸ್ ಛತ್ರಿಗಳು ಗಾಳಿಗೆ ಮಗುಚಿ ಒಂದು ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದಿದ್ದವು. ನಡುವೆ ಹೂವಿನ ಚೌಕಟ್ಟು, ಅದರ ಕೆಳಗೆ ನಮ್ಮ ಹುಡುಗಿ. ಚೆಂದ ಕಾಣುತ್ತಿದ್ದಳು, ಸುಳ್ಳು ಯಾಕೆ ಹೇಳಲಿ. ಸ್ವಾಮಿಗಳು ಮಂತ್ರ ಹೇಳಲು ಕ್ಯಾಮೆರಾದವನ ಕೈಸನ್ನೆಗೆ ಕಾಯುತ್ತಿದ್ದರು. ಅವನು ಸೂರ್ಯನ ಕಡೆ ನೋಡುತ್ತಿದ್ದ.

ಕುರ್ಚಿಗಳ ನಡುವಿನ ಬಿಳಿ ಜಮಖಾನೆಯ ಮೇಲೆ ನೇರ ನಡೆದು ಹೋದೆ.

"ಮೇಡಂ, ಮೇಡಂ, ಫ್ರೇಮಿನಿಂದ ಆಚೆ ಬನ್ನಿ," ಅಂತ ಇವೆಂಟಿನ ಹುಡುಗ ಓಡಿ ಬಂದ.

ನಾನು ಅವನನ್ನು ನೋಡಲಿಲ್ಲ. ಅಣ್ಣನ ಮಗಳ ಮುಂದೆ ನಿಂತೆ. "ನಿಮ್ಮ ಆಯಿ ಕೆಳಗ ಕುಂತಾಳ," ಅಂದೆ. "ಖಾಲಾ ಕುಂತಾರ. ಮಧ್ಯಾಹ್ನದಿಂದ ಕುಂತಾರ. ಗಾಡಿಯಾಗ ಹೂ ಬಂದ್ವು, ದೀಪ ಬಂದ್ವು, ಅವರಿಗಿ ಜಾಗ ಸಿಗಲಿಲ್ಲ."

ಆಮೇಲೆ ಹುಡುಗನ ಕಡೆ ತಿರುಗಿದೆ. "ನಿಮ್ಮ ಆಯಿನೂ ಕೆಳಗ ಅದಾರಪ್ಪ. ವಾಂತಿ ಮಾಡ್ಕೊಂಡಾರ."

ಹುಡುಗ ಅವರಪ್ಪನ ಮುಖ ನೋಡಿದ. "ಆಯಿ ಬಂದಾಳ ಅಂದ್ರಲ್ಲ ನೀವು?"

"ಗಾಡಿಯಾಗ ಬರ್ತಾರಂತ ಇವರು ಹೇಳಿದ್ರು," ಅಂತ ಬೀಗರು ಇವೆಂಟಿನವನ ಕಡೆ ಕೈ ತೋರಿಸಿದರು. ಇವೆಂಟಿನವನು ವಾಕಿಟಾಕಿ ನೋಡಿದ.

ಅಣ್ಣ ಎದ್ದು ಬಂದ. "ನಡಿ ಈ ಕಡಿಗಿ. ಮಂದಿ ನೋಡಾಕತ್ತಾರ," ಅಂತ ಹಲ್ಲು ಕಚ್ಚಿ ಅಂದ.

"ನೋಡ್ಲಿ ಅಣ್ಣ. ನಮ್ಮವ್ವ ಅಲ್ಲಿ ಧೂಳಾಗ ಕುಂತು ಮದುವಿ ಮುಗೀತೇನು ಅಂತ ಕೇಳಾಕತ್ತಾಳ. ಮೊಮ್ಮಗಳ ತಾಳಿ ಕಟ್ಟೋ ಮುಂದ ಆಕಿ ಇಲ್ಲಿ ಇಲ್ಲ ಅನ್ನೋದು ನಿನಗ ಗೊತ್ತೇ ಆಗಲಿಲ್ಲ?"

ಅಷ್ಟರಲ್ಲಿ ಹುಡುಗ ಬಾಸಿಂಗ ಬಿಚ್ಚಿ ತನ್ನ ಅವ್ವನ ಕೈಗೆ ಕೊಟ್ಟು, ಗಾಡಿ ದಾರಿ ಹಿಡಿದು ಕೆಳಗೆ ಹೊರಟೇಬಿಟ್ಟಿದ್ದ. ಅವನ ಹಿಂದೆ ಗಾಡಿ ಓಡಿತು. ಈಗ ಯಾರೂ ಮೇಲಿಂದ ಹೇಳಬೇಕಾಗಲಿಲ್ಲ.

ಕ್ಯಾಮೆರಾದವನು ಕೈಚೆಲ್ಲಿದ. "ಲೈಟ್ ಹೋಯ್ತು, ಇನ್ನೇನಿಲ್ಲ," ಅಂತ ಜೊತೆಯವನಿಗೆ ಹೇಳುವುದು ನನಗೆ ಕೇಳಿಸಿತು. ನಮ್ಮ ಹುಡುಗಿಗೂ ಕೇಳಿಸಿರಬೇಕು. ಅವಳ ಕಣ್ಣು ತುಂಬಿದ್ದವು. ನಾನು ಅದು ಆಯಿಗಾಗಿ ಅಂದುಕೊಂಡೆ.

"ಅತ್ತಿ, ಒಂದ್ ಹತ್ತು ನಿಮಿಷ ತಡದಿದ್ರ ಆಗತಿತ್ತಲ್ಲ," ಅಂದಳು.

ಹೇಳಲು ಇದ್ದದ್ದು ಬಹಳ, ಆದರೆ ಅದು ಅವಳ ಮದುವೆ. ಪಕ್ಕಕ್ಕೆ ಬಂದು ನಿಂತೆ. ಅಲ್ಲಿ ಬೀಗರು ಅಣ್ಣನಿಗೆ ಹೇಳುತ್ತಿದ್ದರು, "ನಿಮ್ಮ ಮನಿ ಮಂದಿಗಿ ಇದೇ ಬೇಕಂತ ಇವೆಂಟಿನವ ನಮ್ಮ ಹುಡುಗಗ ಹೇಳ್ಯಾನ. ಇಲ್ಲಂದ್ರ ನಾವು ರಾಯಚೂರಾಗ ಮಂಟಪ ನೋಡಿದ್ವಿರಿ." ಅಣ್ಣ ತಿಂಗಳುಗಟ್ಟಲೆ ಬೀಗರ ಆಸೆ, ಬೀಗರ ಆಸೆ ಅಂತ ನಮ್ಮ ಬಾಯಿ ಮುಚ್ಚಿಸಿದ್ದ. ಹಿರಿಯರು ಹಿರಿಯರನ್ನು ಒಂದು ಮಾತು ಕೇಳಲಿಲ್ಲ. ನಡುವೆ ಇವೆಂಟಿನವನೊಬ್ಬ ಗುಡ್ಡದ ಫೋಟೋ ತೋರಿಸಿಕೊಂಡು ಬಂದು ಎರಡೂ ಮನೆಯವರನ್ನು ಗುಡ್ಡ ಹತ್ತಿಸಿದ.

ಗಾಡಿಯಲ್ಲಿ ಮೂವರು ಹೆಂಗಸರೂ ಬಂದರು, ಅವ್ವ, ಖಾಲಾ, ರಾಯಚೂರಿನ ಅಜ್ಜಿ. ಹುಡುಗ ಗಾಡಿಯ ಹಿಂದೆ ನಿಂತು ಬಂದ, ಅವನ ಬಿಳಿ ಅಂಗಿಗೆಲ್ಲ ಕೆಂಪು ಧೂಳು. ನಂತರದ ಸರತಿಗಳಲ್ಲಿ ಶಾಮಿಯಾನದಲ್ಲಿ ಉಳಿದವರೆಲ್ಲ ಬಂದರು. ಮುಂದಿನ ಸಾಲಿನಲ್ಲಿದ್ದ ಕಂಪನಿಯ ಹುಡುಗರು ಎದ್ದು ಜಾಗ ಕೊಟ್ಟರು. ಅವರಿಗೆ ಯಾರೂ ಹೇಳಲಿಲ್ಲ, ತಾವೇ ಎದ್ದರು. ಅಷ್ಟು ಹೊತ್ತಿಗೆ ಸೂರ್ಯ ಮುಳುಗಿ ಬಂಗಾರದ ಬೆಳಕು ಹೋಗಿ, ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ದೀಪ ಹಚ್ಚಿದರು. ಗಾಳಿ ಜೋರಾಯಿತು, ಹೂವಿನ ಚೌಕಟ್ಟನ್ನು ನಾಲ್ಕು ಮಂದಿ ಹಿಡಿದುಕೊಂಡು ನಿಲ್ಲಬೇಕಾಯಿತು. ಅವರಲ್ಲಿ ನನ್ನ ಗಂಡನೂ ಒಬ್ಬರು.

ತಾಳಿ ಕಟ್ಟುವ ಹೊತ್ತಿಗೆ ಎಲ್ಲರ ಕೈಗೂ ಹೂವಿನ ಪಕಳೆ ಕೊಟ್ಟರು. ಅವ್ವ ಸೆರಗಿನ ತುದಿಯ ಗಂಟು ಬಿಚ್ಚಿ ಅರಿಷಿಣ ಹಚ್ಚಿದ ಅಕ್ಕಿ ತೆಗೆದು, ಒಂದು ಮುಷ್ಟಿ ಖಾಲಾಗೆ, ಒಂದು ಮುಷ್ಟಿ ಬೀಗರ ಅಜ್ಜಿಗೆ ಹಂಚಿದಳು. ಇವೆಂಟಿನ ಹುಡುಗ ಬಗ್ಗಿ, "ಅಮ್ಮಾ, ಅಕ್ಕಿ ಬೇಡ, ಲಾನು," ಅಂದ. ಅವ್ವನಿಗೆ ಲಾನು ಅಂದರೆ ಏನಂತ ಗೊತ್ತಿಲ್ಲ. ನಿನಗೂ ಬೇಕೇನಪ್ಪ ಅಂತ ಅವನ ಕೈಗೂ ನಾಲ್ಕು ಕಾಳು ಹಾಕಿದಳು. ಸ್ವಾಮಿಗಳ ಮಂತ್ರ ಮುಗಿದಾಗ ಎಲ್ಲರೂ ಎರಚಿದರು. ಪಕಳೆಗಳನ್ನು ಗಾಳಿ ಕೈಯಿಂದಲೇ ಕಿತ್ತುಕೊಂಡು ಸುರಪುರದ ಕಡೆ ಒಯ್ದಿತು. ಮದುಮಕ್ಕಳ ತಲೆಯ ಮೇಲೆ ಬಿದ್ದದ್ದು ಮೂವರು ಮುದುಕಿಯರ ಅಕ್ಕಿ ಮಾತ್ರ.

ಊಟವನ್ನು ಗಾಳಿಯಲ್ಲೇ ಮಾಡಿದೆವು. ಹಪ್ಪಳ ಹಾರಿಹೋಗುತ್ತವೆಂದು ಬಡಿಸುವವರು ಕೈಗೇ ಕೊಟ್ಟರು. ಇಳಿಯುವಾಗ ನಮ್ಮ ಮಂದಿ ಕೈಬ್ಯಾಟರಿ ತೆಗೆದು ಬೀಗರ ಕಡೆಯವರಿಗೂ ಮೆಟ್ಟಿಲು ತೋರಿಸುತ್ತಾ ಇಳಿದರು. ಆದರೂ ಬೀಗರ ಪೈಕಿ ಒಬ್ಬರು ಹೊಸ ಬೂಟು ಜಾರಿ ಬಿದ್ದು ಪಾದ ಉಳುಕಿಸಿಕೊಂಡರು. ಅವರನ್ನು ಗಾಡಿಯಲ್ಲಿ ಹಾಕಿದರೆ, ಗಾಡಿಯ ಬ್ಯಾಟರಿ ನಡುದಾರಿಯಲ್ಲಿ ಮುಗಿಯಿತು. ಗಂಡಸರು ದೂಡಿಕೊಂಡು ಇಳಿಸಿದರು. ಇವೆಂಟಿನ ಹುಡುಗನೂ ದೂಡಿದ. ಪಾಪ, ಅವನ ತಿಳಿ ಬಣ್ಣದ ಅಂಗಿಯೂ ಹಾಳಾಯಿತು.

ಆಮೇಲೆ ಬಹಳ ದಿನ ಅಣ್ಣ ನನ್ನ ಜೊತೆ ಮಾತು ಬಿಟ್ಟ. ಮಗಳು ಅಳುತ್ತಿದ್ದಾಳೆ, ಮುಖ್ಯ ಫೋಟೋನೇ ಬಂದಿಲ್ಲವಂತೆ ಅಂತ ವೈನಿ ಹೇಳಿದಳು. ನಮ್ಮ ಬಳಗದಲ್ಲೂ ಎರಡು ಪಂಗಡವಾಯಿತು. ಅವಳು ಮಾಡಿದ್ದು ಸರಿ ಅನ್ನುವವರು ಕೆಲವರು, ಮೆಲ್ಲಗೆ ಕಿವಿಯಲ್ಲಿ ಹೇಳಬಹುದಿತ್ತು ಅನ್ನುವವರು ಕೆಲವರು. ಮೆಲ್ಲಗೆ ಹೇಳಿದ್ದನ್ನು ಆ ದಿನ ಕೆಳಗೆ ಎಷ್ಟು ಸಲ ಹೇಳಿದ್ದೆ ಅಂತ ಈ ಎರಡನೆಯವರಿಗೆ ಗೊತ್ತಿಲ್ಲ. ಮೆಲ್ಲಗೆ ಹೇಳಿದವರಿಗೆ ಮುಂದಿನ ಗಾಡಿ ಇರುತ್ತದೆ.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮ ಕಡೆಯ ರೂಢಿ. ನಾನೂ ಹೋದೆ, ಅಣ್ಣನ ಮಗಳೂ ಗಂಡನ ಜೊತೆ ಬಂದಿದ್ದಳು. ಅಣ್ಣ "ಬಂದೇನವಾ" ಅಂದ, ಅಷ್ಟೇ. ಮದುವೆಯ ವಿಡಿಯೋ ತಯಾರಾಗಿ ಬಂದಿತ್ತು, ಅಳಿಯ ಅದನ್ನು ಟಿವಿಗೆ ಹಾಕಿದ. ಖಾಲಾನೂ ಬಂದು ಕೂತರು. ಗುಡ್ಡ ಬಂತು, ಮೋಡ ಬಂತು, ಹೂವು ಬಂತು, ಮೇಲಿನಿಂದ ಹದ್ದು ನೋಡಿದಂತೆ ಬಿಳಿ ಕುರ್ಚಿಗಳು ಬಂದವು. ಮದುಮಗಳು ಗಾಡಿಯಲ್ಲಿ ಬರುವುದು ಮೂರು ದಿಕ್ಕಿನಿಂದ ಬಂತು. ಅವ್ವ ಇಲ್ಲ. ಖಾಲಾ ಇಲ್ಲ. ರಾಯಚೂರಿನ ಅಜ್ಜಿ ಇಲ್ಲ. ಹೊತ್ತು ಮುಳುಗಿದ ಮೇಲಿನದೆಲ್ಲ ಕತ್ತರಿಸಿ, ತಾಳಿ ಕಟ್ಟುವುದನ್ನು ಕಣ್ಣು ಮಿಟುಕಿಸುವಷ್ಟು ಇಟ್ಟಿದ್ದರು.

"ಗುಡ್ಡ ಭಾಳ ಚಂದ ಕಾಣತದ," ಅಂದಳು ಅವ್ವ. ಅದರಲ್ಲಿ ತನ್ನನ್ನು ಹುಡುಕಿದ್ದಳೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಖಾಲಾ ಹೌದೆಂದು ತಲೆಯಾಡಿಸಿದರು. ನಾನು ಎದ್ದು ಅಡುಗೆಮನೆಗೆ ಹೋದೆ. ಅಲ್ಲಿ ವೈನಿ ಶೇಂಗಾ ಉಂಡಿಗೆ ಪಾಕ ಇಳಿಸಿ, ಯಾರೋ ಕರೆದರೆಂದು ಹೊರಗೆ ಹೋಗಿದ್ದಳು. ನಾನು ಉಂಡಿ ಕಟ್ಟಲು ಕೂತೆ.

ಸ್ವಲ್ಪ ಹೊತ್ತಿಗೆ ಅಣ್ಣನ ಮಗಳು ಬಂದು ಬಾಗಿಲಲ್ಲಿ ನಿಂತಳು.

"ಅತ್ತಿ, ಅವರು ಆಯಿನ್ನ ತೆಗದುಬಿಟ್ಟಾರ," ಅಂದಳು. "ನಾ ಕೇಳಿದೆ. ಬೆಳಕು ಸರಿ ಇದ್ದಿಲ್ಲ, ಅದಕ್ಕ ಹಾಕಿಲ್ಲ ಅಂದ್ರು."

"ಹೌದಾ," ಅಂದೆ.

"ಅವತ್ತು ಆಯಿ ಎಲ್ಲಿ ಕುಂತಾಳಂತ ನಾ ತಿರುಗಿ ನೋಡ್ಲೇ ಇಲ್ಲತ್ತಿ. ಮುಂದ ನೋಡ್ರಿ, ಮುಂದ ನೋಡ್ರಿ ಅಂತ ಅವರು ಅನ್ನೋರು, ನಾ ಮುಂದೇ ನೋಡಿದೆ."

ಸಿಟ್ಟು ಇಳಿಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಇಳಿದಿಲ್ಲ. ಆ ಗುಡ್ಡದ ಮೇಲೆ ಈಗ ವಾರಕ್ಕೊಂದು ಮದುವೆ ಆಗುತ್ತದಂತೆ, ಮೆಟ್ಟಿಲಿಗೆ ಇನ್ನೂ ಹಿಡಿಕೆ ಹಾಕಿಲ್ಲವಂತೆ. ಆದರೆ ಅವಳ ಮೇಲಿನ ಸಿಟ್ಟು ಮತ್ತು ಆ ಗುಡ್ಡದ ವ್ಯವಹಾರದ ಮೇಲಿನ ಸಿಟ್ಟು ಬೇರೆ ಬೇರೆ ಅಂತ ಆಗ ತಿಳಿಯಿತು. ಪಾಕ ಗಟ್ಟಿಯಾಗುತ್ತಿತ್ತು. ಕೈಗೆ ತುಪ್ಪ ಸವರಿಕೋ ಅಂತ ಅವಳಿಗೆ ಹೇಳಿ, ಪಾಕದ ಅಗಲ ಪರಾತವನ್ನು ನಮ್ಮಿಬ್ಬರ ನಡುವೆ ಎಳೆದೆ.